ವಾಂಖೆಡೆಯಲ್ಲಿ ನೀವು ಯಾರ ಕಡೆ?

ಮುಂಬಯಿಯಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ಕನ್ನಡಿಗರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಆಫೀಸಿನಲ್ಲಿ, ಲೋಕಲ್ ಟ್ರೇನಿನಲ್ಲಿ, ಕಟ್ಟಡದ ಮೆಟ್ಟಿಲ ಮೇಲೆ ಯಾರಾದರೂ ಒಬ್ಬ ಮರಾಠಿ ಗೆಳೆಯ ನಗುತ್ತಾ ಕೇಳಿಯೇ ಕೇಳುತ್ತಾನೆ: "ಕಾಯ್ ಅಣ್ಣಾ, ಮುಂಬಯಿ–ಕರ್ನಾಟಕ ಮ್ಯಾಚು. ನೀವು ಯಾರ ಕಡೆ?" ಕೇಳುವವನಿಗೆ ಅದು ತಮಾಷೆ. ಉತ್ತರ ಹೇಳಬೇಕಾದವನಿಗೆ ಅಷ್ಟು ಸುಲಭದ ತಮಾಷೆಯಲ್ಲ. ಅನ್ನ ಕೊಟ್ಟ ಊರು ಇದು, ಹೆಸರು ಕೊಟ್ಟ ಊರು ಅದು. ಭಾರತ–ಪಾಕಿಸ್ತಾನ ಪಂದ್ಯದಲ್ಲಿ ಇಂಥ ಇಕ್ಕಟ್ಟು ಇಲ್ಲ. ಆಸ್ಟ್ರೇಲಿಯಾ ಬಂದರೂ ಇಲ್ಲ. ರಣಜಿ ಟ್ರೋಫಿ ಬಂದಾಗ ಮಾತ್ರ ಹೊರನಾಡ ಕನ್ನಡಿಗನ ಎದೆಯಲ್ಲಿ ಟಾಸ್ ಹಾರುತ್ತದೆ.

ಇವತ್ತು ಬರೆಯಬೇಕೆಂದಿರುವುದು ಈ ಎರಡು ತಂಡಗಳ ಫೈನಲ್‌ಗಳ ಚರಿತ್ರೆ. ಕ್ರಿಕೆಟ್ ಪಂಡಿತರು ಇದನ್ನು ಅಂಕಿ ಅಂಶಗಳ ಲೆಕ್ಕದಲ್ಲಿ ಬರೆದಿದ್ದಾರೆ. ನನಗೆ ಕಂಡದ್ದು ಬೇರೆ. ಆ ಸ್ಕೋರ್‌ಬೋರ್ಡುಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಟ್ಟರೆ ಕರ್ನಾಟಕ ಒಂದಾದ ಕಥೆಯೂ, ಮುಂಬಯಿ ಕನ್ನಡಿಗ 'ನಮ್ಮವರು' ಎನ್ನಲು ಕಲಿತ ಕಥೆಯೂ ಅದರಲ್ಲಿ ಸಿಗುತ್ತದೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ರಣಜಿ ಟ್ರೋಫಿ ಶುರುವಾದದ್ದು 1934ರಲ್ಲಿ. ಮೊದಲ ಪಂದ್ಯವೇ ಮೈಸೂರು ಮತ್ತು ಮದ್ರಾಸ್ ನಡುವೆ, ಚೆಪಾಕ್‌ನಲ್ಲಿ, ನವೆಂಬರ್ 4ರಂದು. ಮೈಸೂರು ಒಂದು ಇನಿಂಗ್ಸ್‌ನಲ್ಲಿ 48, ಇನ್ನೊಂದರಲ್ಲಿ 59. ಮದ್ರಾಸಿನ ಎ.ಜಿ. ರಾಮಸಿಂಗ್ 11 ವಿಕೆಟ್ ಕಿತ್ತರು. ಒಂದೇ ದಿನದಲ್ಲಿ ಪಂದ್ಯ ಮುಗಿದು ನಮ್ಮವರು ಪೆಟ್ಟಿಗೆ ಕಟ್ಟಿದರು. ಮುಂಬಯಿ ಆ ಮೊದಲ ವರ್ಷವೇ ಚಾಂಪಿಯನ್. ಆಮೇಲೆ ಮುಂಬಯಿ ಮತ್ತು ಮೈಸೂರು (ಅಥವಾ ಕರ್ನಾಟಕ) ಫೈನಲ್‌ನಲ್ಲಿ ಎದುರಾದದ್ದು ಐದು ಸಲ: 1941-42, 1959-60, 1974-75, 1982-83, 2009-10. ಈ ಐದರಲ್ಲಿ ನಾಲ್ಕು ಮುಂಬಯಿಗೆ. ನಮ್ಮವರು ಗೆದ್ದದ್ದು ಒಂದೇ ಒಂದು. ಆದರೆ ಆ ಒಂದು ಎಲ್ಲಿ ಗೆದ್ದರು ಎನ್ನುವುದರಲ್ಲಿ ಸ್ವಾರಸ್ಯವಿದೆ. ಅಲ್ಲಿಗೆ ಆಮೇಲೆ ಬರೋಣ.

1941-42ರ ಫೈನಲ್ ನಡೆದದ್ದು ಚರ್ಚ್‌ಗೇಟಿನ ಬ್ರೆಬೋರ್ನ್ ಸ್ಟೇಡಿಯಮ್ಮಿನಲ್ಲಿ. ಮುಂಬಯಿ 9 ವಿಕೆಟ್‌ಗೆ 506 ಹೊಡೆದು ಡಿಕ್ಲೇರ್ ಮಾಡಿತು. ಮೈಸೂರು 68ಕ್ಕೆ ಆಲೌಟ್, ಎರಡನೇ ಸಲ 157. ಇನಿಂಗ್ಸ್ ಮತ್ತು 281 ರನ್ ಸೋಲು. ಹೆಚ್ಚು ವಿವರಣೆ ಬೇಡದ ಸೋಲು!

ಆದರೆ ನನ್ನನ್ನು ಕಾಡುವ ಪ್ರಶ್ನೆ ಸ್ಕೋರಿನದಲ್ಲ. ಆ ದಿನ ಮುಂಬಯಿಯ ಕನ್ನಡಿಗ ಯಾರ ಕಡೆ ಇದ್ದಿರಬಹುದು? ಸ್ವಲ್ಪ ಭೂಪಟ ನೆನಪಿಸಿಕೊಳ್ಳಿ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿ. ಅಲ್ಲಿಂದ ಬಂದವನಿಗೆ ಮುಂಬಯಿ ಹೊರನಾಡೇ ಅಲ್ಲ, ಅದು ಅವನ ರಾಜಧಾನಿ. ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡು ಮದ್ರಾಸ್ ಪ್ರಾಂತ್ಯದಲ್ಲಿ. ಗುಲ್ಬರ್ಗ, ರಾಯಚೂರು, ಬೀದರ್ ನಿಜಾಮನ ಕೈಯಲ್ಲಿ. ಮೈಸೂರು ಎಂದರೆ ಒಡೆಯರ ಸಂಸ್ಥಾನ, ಅಷ್ಟೇ. ಮಾಟುಂಗದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು ಅದೇ 1942ರಲ್ಲಿ. ಅಲ್ಲಿ ಬಾಳೆಲೆಯ ಮುಂದೆ ಕೂತ ಕರಾವಳಿಯ ಒಬ್ಬ ಗುಮಾಸ್ತನಿಗೆ, ಮೈಸೂರು ತಂಡ 68ಕ್ಕೆ ಉದುರಿತು ಎಂದರೆ ಪಕ್ಕದ ಮನೆಯ ಹಂಚು ಹಾರಿದ ಸುದ್ದಿಯಷ್ಟೇ. ಅಯ್ಯೋ ಪಾಪ ಎನ್ನಬಹುದು. ನಮ್ಮ ಮನೆ ಸೋರಿತು ಎನ್ನುವಂತಿರಲಿಲ್ಲ.

ಹಾಗೆ ನೋಡಿದರೆ ಮುಂಬಯಿಯ ಮೈದಾನದಲ್ಲಿ ನಮ್ಮ ಕಡೆಯವರು ಮೊದಲು ಮೆರೆದದ್ದು ಕ್ರಿಕೆಟ್‌ನಲ್ಲಿ ಅಲ್ಲ, ಫುಟ್‌ಬಾಲಿನಲ್ಲಿ. 1891ರಲ್ಲಿ ಶುರುವಾದ ರೋವರ್ಸ್ ಕಪ್ಪನ್ನು ದಶಕಗಟ್ಟಲೆ ಗೋರಾ ಪಲ್ಟನ್ನುಗಳೇ ಹೊತ್ತೊಯ್ಯುತ್ತಿದ್ದವು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತೆ? ಕಲ್ಕತ್ತೆಯದಲ್ಲ, ಮುಂಬಯಿಯದೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದರು, 1938ರಲ್ಲಿ ಮತ್ತೆ ಗೆದ್ದರು. ಬೆಂಗಳೂರಿನ ದಂಡು ಪ್ರದೇಶದ ಗಲ್ಲಿಗಳಲ್ಲಿ ಬೆಳೆದ ಆ ಹುಡುಗರ ಹೆಸರನ್ನು ಇವತ್ತು ಬೆಂಗಳೂರೂ ಮರೆತಿದೆ, ಮುಂಬಯಿಯೂ ಮರೆತಿದೆ. ಇನ್ನು ಆಜಾದ್ ಮೈದಾನದ ಪಕ್ಕದ ಬಾಂಬೆ ಜಿಮ್‌ಖಾನಾದಲ್ಲಿ ಮಳೆಗಾಲ ಬಂತೆಂದರೆ ರಗ್ಬಿ ಶುರು. ಅಲ್ಲಿ ಮುಂಬಯಿಗೆ ಹಳೆಯ ಎದುರಾಳಿ ಕಲ್ಕತ್ತೆಯವರು. ಕೆಸರಿನಲ್ಲಿ ಅವರು ಹೊರಳಾಡುವುದನ್ನು ಬೇಲಿಯಾಚೆ ನಿಂತು ನೋಡಬಹುದು, ಯಾರ ಕಡೆ ಕೂಗಬೇಕೆಂಬ ತಾಪತ್ರಯ ನಮಗಿಲ್ಲ. ತಾಪತ್ರಯ ಇದ್ದದ್ದೆಲ್ಲ ಕ್ರಿಕೆಟ್‌ನಲ್ಲಿ.

ಎರಡನೇ ಫೈನಲ್ 1959-60ರದ್ದು. ಮತ್ತೆ ಬ್ರೆಬೋರ್ನ್, ಮತ್ತೆ ಮುಂಬಯಿಗೆ ಗೆಲುವು, ಇನಿಂಗ್ಸ್ ಮತ್ತು 22 ರನ್. ಆದರೆ ಈ ನಡುವೆ ಭೂಪಟ ಬದಲಾಗಿತ್ತು. 1956ರ ನವೆಂಬರ್ 1ರಂದು ಕನ್ನಡದ ಜಿಲ್ಲೆಗಳು ಒಂದಾಗಿದ್ದವು, ಕಾಸರಗೋಡು ಮಾತ್ರ ಆಚೆ ಉಳಿಯಿತು. ರಾಜ್ಯದ ಹೆಸರು ಇನ್ನೂ ಮೈಸೂರೇ. ಧಾರವಾಡದವನಿಗೂ ಉಡುಪಿಯವನಿಗೂ ಕಾಗದದ ಮೇಲೆ ಈಗ ಅದು ತನ್ನ ತಂಡ. ಆದರೆ ಹೆಸರಿನಲ್ಲಿ ಇನ್ನೂ ಅರಮನೆಯ ವಾಸನೆ. ಅದೇ 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿ, ಮುಂಬಯಿ ಅದರ ರಾಜಧಾನಿಯಾಯಿತು. ಅಂದರೆ ಧಾರವಾಡದ ಕನ್ನಡಿಗ ಊರು ಬಿಟ್ಟು ಕದಲದೆಯೇ ನಾಲ್ಕು ವರ್ಷದಲ್ಲಿ ಮುಂಬಯಿಯ ಪಾಲಿಗೆ 'ಹೊರಗಿನವ'ನಾದ.

ಮುಂಬಯಿ ತಂಡದ ಆ ಕಾಲದ ದರ್ಬಾರನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದು ಕಷ್ಟ. 1958-59ರಿಂದ 1972-73ರ ತನಕ ಸತತ 15 ವರ್ಷ ಅವರೇ ಚಾಂಪಿಯನ್. ಆ ಅವಧಿಯಲ್ಲಿ ರಾಜಸ್ಥಾನ ಏಳು ಸಲ ಫೈನಲ್‌ಗೆ ಬಂದು ಏಳು ಸಲವೂ ಮುಂಬಯಿಯೆದುರು ಸೋತಿತು. 1972-73ರಲ್ಲಿ ಚೆಪಾಕ್‌ನ ತಿರುಗುವ ಪಿಚ್ಚಿನಲ್ಲಿ ತಮಿಳುನಾಡು 80 ಮತ್ತು 61. ಪದ್ಮಾಕರ್ ಶಿವಾಲ್ಕರ್ ಒಮ್ಮೆ 16 ರನ್ನಿಗೆ 8, ಇನ್ನೊಮ್ಮೆ 18 ರನ್ನಿಗೆ 5 ವಿಕೆಟ್. ಮೂರನೇ ದಿನದ ಮೊದಲ ಚೆಂಡಿಗೇ ಫೈನಲ್ ಮುಗಿಯಿತು.

ಇಷ್ಟು ಬಲ ಎಲ್ಲಿಂದ ಬಂತು? ಮುಂಬಯಿಯಲ್ಲಿ ಇದ್ದವರಿಗೆ ಉತ್ತರ ಕಣ್ಣೆದುರೇ ಇದೆ. ಚರ್ಚ್‌ಗೇಟ್‌ನಿಂದ ವಿ.ಟಿ.ಗೆ ನಡೆದುಕೊಂಡು ಹೋಗುವಾಗ ಸಿಗುವ ಓವಲ್, ಕ್ರಾಸ್, ಆಜಾದ್ ಮೈದಾನಗಳು. ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಬ್ಯಾಟ್ಸ್‌ಮನ್ನಿಗೆ ಬೆನ್ನು ತಾಗಿಸಿ ನಿಂತಿರುತ್ತಾನೆ. 1948ರಲ್ಲಿ ಶುರುವಾದ ಕಾಂಗಾ ಲೀಗು ಸುರಿಯುವ ಮಳೆಗಾಲದಲ್ಲೇ ನಡೆಯುವುದು. ಒದ್ದೆ ಪಿಚ್ಚು, ಮೊಣಕಾಲೆತ್ತರ ಹುಲ್ಲು. ಅಲ್ಲಿ 30 ರನ್ ಹೊಡೆದವನು ಬೇರೆಲ್ಲಿ ಬೇಕಾದರೂ ನೂರು ಹೊಡೆದಾನು. ಆಮೇಲೆ ಕಂಪನಿಗಳ ಟೈಮ್ಸ್ ಶೀಲ್ಡ್. ಟಾಟಾ, ಮಫತ್‌ಲಾಲ್, ನಿರ್ಲಾನ್, ಬ್ಯಾಂಕುಗಳು ಎಲ್ಲ ಆಟಗಾರರಿಗೆ ನೌಕರಿ ಕೊಟ್ಟು ಸಾಕಿದವು. ಮಧ್ಯಮ ವರ್ಗದ ಹುಡುಗನಿಗೆ ಕ್ರಿಕೆಟ್ ಅಂದರೆ ಖಾಯಂ ಕೆಲಸದ ದಾರಿ. ಅದರಿಂದ ಹುಟ್ಟಿದ ಗುಣಕ್ಕೆ ಇಲ್ಲಿನವರು 'ಖಡೂಸ್' ಅನ್ನುತ್ತಾರೆ. ವಿಕೆಟ್ ಬಿಟ್ಟುಕೊಡದ ಜಿಗುಟುತನ, ಬೆಳಗಿನ 8.12ರ ಫಾಸ್ಟ್ ಲೋಕಲ್‌ನಲ್ಲಿ ಕಾಲೂರಲು ಜಾಗ ಮಾಡಿಕೊಂಡವನು ಆ ಜಾಗ ಬಿಡದ ಹಾಗೆ!

ಈ ಮೈದಾನಗಳು ನಮ್ಮವರನ್ನೂ ಬೆಳೆಸಿದವು ಎನ್ನುವುದನ್ನು ಮರೆಯಬಾರದು. ಮೂಲ್ಕಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಓದಿದ ಬುಧಿ ಕುಂದರನ್ ಕಥೆ ಕೇಳಿ. 1960ರ ಜನವರಿಯಲ್ಲಿ ಇದೇ ಬ್ರೆಬೋರ್ನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಆಡಿದಾಗ ಆತ ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಕೀಪಿಂಗ್ ಗ್ಲೌಸು ಕೂಡ ನರೇನ್ ತಮ್ಹಾಣೆ ಅವರಿಂದ ಪಡೆದದ್ದು. ಆಮೇಲೆ ರೈಲ್ವೇಸ್ ಪರ ಮೊದಲ ರಣಜಿ ಪಂದ್ಯದಲ್ಲೇ ದ್ವಿಶತಕ, 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192. ಕೊನೆಗೆ ಮೈಸೂರು ತಂಡಕ್ಕೂ ಆಡಿದರು. ಹುಟ್ಟಿದ್ದು ಕರಾವಳಿ, ಬೆಳೆದದ್ದು ಮುಂಬಯಿ, ಆಡಿದ್ದು ಮೈಸೂರಿಗೆ. 'ಯಾರ ಕಡೆ' ಎಂಬ ಪ್ರಶ್ನೆಯನ್ನು ಅವರಿಗೆ ಕೇಳಬೇಕಿತ್ತು.

ಆದರೆ ಅರುವತ್ತರ ದಶಕದ ಕೊನೆಗೆ ಈ ಪ್ರಶ್ನೆಯಲ್ಲಿ ತಮಾಷೆ ಕಡಿಮೆಯಾಗಿತ್ತು. 1966ರಲ್ಲಿ ಶಿವಸೇನೆ ಹುಟ್ಟಿತು. ನೌಕರಿಗಳೆಲ್ಲ ದಕ್ಷಿಣದವರ ಪಾಲಾಗುತ್ತಿವೆ ಎಂಬುದು ಅದರ ಮೊದಲ ಕೂಗು. ಉಡುಪಿ ಹೋಟೆಲುಗಳ ಗಾಜು ಒಡೆದ ದಿನಗಳು ಅವು. 'ಮದ್ರಾಸಿ' ಎಂಬ ಒಂದೇ ಹೆಸರಿನಲ್ಲಿ ತಮಿಳರು, ಮಲೆಯಾಳಿಗಳು, ನಾವು ಎಲ್ಲ ಸೇರಿಹೋಗಿದ್ದೆವು. ಆಮೇಲೆ ಮಹಾಜನ ವರದಿ, ಬೆಳಗಾವಿಯ ಜಗಳ. ಅಂಥ ಹೊತ್ತಿನಲ್ಲಿ ತುಂಬಿದ ಗ್ಯಾಲರಿಯಲ್ಲಿ ಎದ್ದು ನಿಂತು ಎದುರು ತಂಡಕ್ಕೆ ಚಪ್ಪಾಳೆ ಹೊಡೆಯುವುದು ಬರೀ ಆಟದ ಮಾತಲ್ಲ. ಗಲ್ಲಾದ ಮೇಲೆ ಕೂತ ಹೋಟೆಲಿನ ಯಜಮಾನರು ಇಂಥ ದಿನ ಸ್ಕೋರು ಕೇಳಿಯೂ ಕೇಳದವರ ಹಾಗೆ ಇದ್ದುಬಿಡುತ್ತಿದ್ದರು ಎಂದು ಹಳಬರು ಹೇಳಿದ್ದನ್ನು ನಾನು ಬಹಳ ಸಲ ಕೇಳಿದ್ದೇನೆ. ಖುಷಿಯನ್ನು ಒಳಗೇ ನುಂಗಿಕೊಂಡು ಚಿಲ್ಲರೆ ಎಣಿಸುವುದೂ ಒಂದು ಜಾಣ್ಮೆ.

ಇನ್ನು 1974. ಇದು ಫೈನಲ್ ಅಲ್ಲ, ಸೆಮಿಫೈನಲ್. ಆದರೂ ಇದನ್ನು ಬಿಟ್ಟರೆ ಕಥೆ ಮುಂದೆ ಹೋಗುವುದಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಆ ಹೆಸರಿಟ್ಟುಕೊಂಡ ಕೆಲವೇ ತಿಂಗಳಲ್ಲಿ, 1974ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ ಮುಂಬಯಿ ಎದುರು. ಎದುರಿಗಿದ್ದವರು 15 ವರ್ಷದ ಚಾಂಪಿಯನ್ನರು, ನಾಯಕ 1971ರಲ್ಲಿ ವೆಸ್ಟ್ ಇಂಡೀಸನ್ನೂ ಇಂಗ್ಲೆಂಡನ್ನೂ ಅವರವರ ನೆಲದಲ್ಲೇ ಸೋಲಿಸಿ ಬಂದ ಅಜಿತ್ ವಾಡೇಕರ್. ಕರ್ನಾಟಕ 385 ಹೊಡೆಯಿತು. ಭದ್ರಾವತಿಯ ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಮುಂಬಯಿ ಬ್ಯಾಟ್ ಹಿಡಿದಾಗ ನಾಯಕ ಪ್ರಸನ್ನ ಸುನಿಲ್ ಗಾವಸ್ಕರರನ್ನು ಬೌಲ್ಡ್ ಮಾಡಿದರು. ವಾಡೇಕರ್ ಮತ್ತು ಅಶೋಕ್ ಮಂಕಡ್ ಕಚ್ಚಿಕೊಂಡು ನಿಂತಾಗ ಮಾತ್ರ ಇದೂ ಕೈತಪ್ಪಿತು ಅಂದುಕೊಂಡವರೇ ಹೆಚ್ಚು. ಅಷ್ಟರಲ್ಲಿ ಓಡುವಾಗ ವಾಡೇಕರರ ಕಾಲು ಜಾರಿತು. ರನೌಟ್. ಮುಂಬಯಿ 307ಕ್ಕೆ ಮುಗಿಯಿತು. 78 ರನ್ನಿನ ಮುನ್ನಡೆಯಿಂದ ಕರ್ನಾಟಕ ಫೈನಲ್‌ಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನಿನಿಂದ ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಎತ್ತಿತು.

ಹೆಸರು ಬದಲಾದ ವರ್ಷವೇ ಗೆದ್ದದ್ದು ಕಾಕತಾಳೀಯ ಅನ್ನಿ. ಮುಂಬಯಿ ಕನ್ನಡಿಗನಿಗೆ ಅದರ ಪರಿಣಾಮ ಮಾತ್ರ ಕಾಕತಾಳೀಯವಾಗಿರಲಿಲ್ಲ. ಪತ್ರಿಕೆಯ ಕೊನೆಯ ಪುಟದಲ್ಲಿ 'ಕರ್ನಾಟಕ' ಎಂದು ಅಚ್ಚಾದಾಗ ಹುಬ್ಬಳ್ಳಿಯವನೂ, ಕುಂದಾಪುರದವನೂ, ಕಲಬುರಗಿಯವನೂ ಅದನ್ನು ಬೆರಳಿಟ್ಟು ತೋರಿಸಬಹುದಾಗಿತ್ತು. ಮಾಹಿಮ್‌ನ ಕರ್ನಾಟಕ ಸಂಘ ರಾಜ್ಯಕ್ಕೆ ಆ ಹೆಸರು ಬರುವ ಎಷ್ಟೋ ಮೊದಲೇ ಆ ಹೆಸರು ಹೊತ್ತಿತ್ತು. ಮಾಟುಂಗದ ಮೈಸೂರು ಅಸೋಸಿಯೇಶನ್ ಇವತ್ತಿಗೂ ಹಳೆಯ ಹೆಸರನ್ನೇ ಹೊತ್ತಿದೆ. ಒಂದೇ ಲೋಕಲ್‌ ದೂರದಲ್ಲಿ ನಮ್ಮ ಚರಿತ್ರೆಯ ಎರಡು ಬೋರ್ಡುಗಳು!

ಮುಂಬಯಿಯವರು ಸುಮ್ಮನೆ ಕೂರುವ ಜಾತಿಯಲ್ಲ. ಮರುವರ್ಷವೇ, 1974-75ರ ಫೈನಲ್‌ನಲ್ಲಿ ಕರ್ನಾಟಕವನ್ನು ಸೋಲಿಸಿ ಬಡ್ಡಿ ಸಮೇತ ವಸೂಲು ಮಾಡಿದರು. ಆಮೇಲೆ ಶುರುವಾದದ್ದು ಮೂರು ತಂಡಗಳ ಯುಗ. 1973-74ರಿಂದ 1985-86ರ ತನಕ 13 ವರ್ಷಗಳ ರಣಜಿ ಟ್ರೋಫಿ ಮೂರೇ ಮನೆಗಳಲ್ಲಿ ಸುತ್ತಿತು. ಮುಂಬಯಿಗೆ 6, ದಿಲ್ಲಿಗೆ 4, ಕರ್ನಾಟಕಕ್ಕೆ 3. ಬೇರೆಯವರಿಗೆ ಒಂದೂ ಇಲ್ಲ.

ಜಗಳವಿದ್ದರೂ ಬೀಗತನವೂ ಇತ್ತು ನೋಡಿ. ವಿಶ್ವನಾಥ್ ಮದುವೆಯಾದದ್ದು ಗಾವಸ್ಕರರ ತಂಗಿಯನ್ನು. ಗಾವಸ್ಕರ್ ತಮ್ಮ ಮಗನಿಗೆ ಇಟ್ಟ ಹೆಸರು ರೋಹನ್ ಜೈವಿಶ್ವ. ಕನ್ಹಾಯಿ, ಜೈಸಿಂಹ, ವಿಶ್ವನಾಥ್ ಮೂವರೂ ಅದರಲ್ಲಿದ್ದಾರೆ. ಮೈದಾನದಲ್ಲಿ ಎದುರಾಳಿ, ಮನೆಯಲ್ಲಿ ಭಾವ. ಮುಂಬಯಿ ಮತ್ತು ಕನ್ನಡಿಗರ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಸಾಧ್ಯವಿಲ್ಲ.

1982ರ ಸೆಮಿಫೈನಲ್ ಮತ್ತೆ ಬೆಂಗಳೂರಿನಲ್ಲಿ. ಈ ಸಲದ ಹೀರೋ ಪುತ್ತೂರಿನಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್ ಎ. ರಘುರಾಮ ಭಟ್. ಮುಂಬಯಿಯ ಹೋಟೆಲು ಅಡುಗೆಮನೆಗಳಲ್ಲಿ 'ನಮ್ಮ ಭಟ್ಟರು' ಅನ್ನಲು ಇನ್ನೇನು ಬೇಕು! ಗುಲಾಮ್ ಪಾರ್ಕರ್, ಅಶೋಕ್ ಮಂಕಡ್, ಸುರು ನಾಯಕ್ ಮೂವರನ್ನೂ ಸಾಲಾಗಿ ಕಳಿಸಿ ಹ್ಯಾಟ್ರಿಕ್. ಒಟ್ಟು 123 ರನ್ನಿಗೆ 8 ವಿಕೆಟ್. ಮುಂಬಯಿ 271. ಕರ್ನಾಟಕ ಸುಧಾಕರ ರಾವ್ ಅವರ 155ರ ಬಲದಿಂದ 470. ಎರಡನೇ ಇನಿಂಗ್ಸ್‌ನಲ್ಲೂ ಮುಂಬಯಿ ಕುಸಿಯುತ್ತಿರುವಾಗ ಗಾವಸ್ಕರ್ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಭಟ್ಟರ ಚೆಂಡು ಬಲಗೈ ಆಟಗಾರನಿಂದ ಆಚೆಗೆ ತಿರುಗುತ್ತಿತ್ತು. ಎಡಗೈಯವನಿಗಾದರೆ ಅದೇ ಚೆಂಡು ಒಳಗೆ ಬರುತ್ತದೆ, ಕಾಲಿಗೆ ಬಡಿದರೂ ಅಪಾಯ ಕಡಿಮೆ. ಜಗತ್ತಿನ ಶ್ರೇಷ್ಠ ಬಲಗೈ ಬ್ಯಾಟ್ಸ್‌ಮನ್ ಭಟ್ಟರೆದುರು ಎಡಗೈ ಆಟಗಾರನಾಗಿ ನಿಂತುಬಿಟ್ಟರು! ಔಟಾಗದೆ 18. ಮುಂಬಯಿ 9 ವಿಕೆಟ್‌ಗೆ 200, ಇನಿಂಗ್ಸ್‌ನ ಮುನ್ನಡೆಯಿಂದ ಕರ್ನಾಟಕ ಮುಂದೆ. ಕೆಲವರು ಇದನ್ನು ಗಾವಸ್ಕರರ ಪ್ರತಿಭಟನೆ ಅಂದರು. ನನಗೆ ಅದು ಭಟ್ಟರಿಗೆ ಸಿಕ್ಕ ಬಿರುದಿನ ಹಾಗೆ ಕಾಣುತ್ತದೆ.

ಆದರೆ ಆ ಸಲದ ಫೈನಲ್‌ನಲ್ಲಿ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ನಮ್ಮವರಿಗೆ ಆದದ್ದನ್ನು ನೆನೆದರೆ ಈಗಲೂ ಸಂಕಟ. ಕರ್ನಾಟಕ 705 ಹೊಡೆಯಿತು. ಹೌದು, 705! ದಿಲ್ಲಿ 8 ವಿಕೆಟ್‌ಗೆ 707 ಹೊಡೆದು ಗೆದ್ದುಕೊಂಡಿತು. ಗೊತ್ತಿಲ್ಲದವರಿಗೆ ಒಂದು ಮಾತು: ರಣಜಿ ನಾಕೌಟ್ ಪಂದ್ಯದಲ್ಲಿ ನಿಗದಿತ ದಿನಗಳೊಳಗೆ ಎರಡೆರಡು ಇನಿಂಗ್ಸ್ ಮುಗಿಯದಿದ್ದರೆ, ಮೊದಲ ಇನಿಂಗ್ಸ್‌ನಲ್ಲಿ ಯಾರು ಮುಂದಿದ್ದರೋ ಅವರೇ ಗೆದ್ದಂತೆ. ಒಂದೇ ರನ್ ಮುನ್ನಡೆಯಾದರೂ ಸಾಕು. ಆದ್ದರಿಂದ ಯಾರೂ ಬೇಗ ಡಿಕ್ಲೇರ್ ಮಾಡುವುದಿಲ್ಲ. ಪಂದ್ಯ ಎಂದರೆ ದಿನಗಟ್ಟಲೆ ತಾಳ್ಮೆ, ಕೊನೆಗೆ ಒಂದು ಗಂಟೆಯ ಎದೆಬಡಿತ.

ಈ ಗಾಯ ಹೊತ್ತು ಬಂದವರು ಮರುವರ್ಷ, 1982-83ರಲ್ಲಿ, ಮತ್ತೆ ಫೈನಲ್ ತಲುಪಿದರು. ಎದುರಿಗೆ ಮುಂಬಯಿ. ಜಾಗ ವಾಂಖೆಡೆ. ಬ್ರೆಬೋರ್ನ್‌ನವರ ಜೊತೆ ಸೀಟುಗಳ ಜಗಳವಾಗಿ ಅಲ್ಲಿಂದ ಕೂಗಳತೆಯಲ್ಲೇ ಕಟ್ಟಿ, 1975ರ ಜನವರಿಯಲ್ಲಿ ತೆರೆದ ಸ್ಟೇಡಿಯಂ ಅದು. ಭಾರತ ತಂಡ ಆಗ ವೆಸ್ಟ್ ಇಂಡೀಸ್ ಪ್ರವಾಸದಲ್ಲಿತ್ತು, ಆದ್ದರಿಂದ ದೊಡ್ಡ ಹೆಸರುಗಳು ಕೆಲವು ಎರಡೂ ಕಡೆ ಇರಲಿಲ್ಲ. ನಮ್ಮ ನಾಯಕ ಬ್ರಿಜೇಶ್ ಪಟೇಲ್, ಅವರ ನಾಯಕ ಅಶೋಕ್ ಮಂಕಡ್. ದಿಲ್ಲಿಯಲ್ಲಿ ಯಾವ ನಿಯಮದಿಂದ ಸೋತಿದ್ದರೋ ಅದೇ ನಿಯಮದಿಂದ ಈಗ ಗೆದ್ದರು. ಮೊದಲ ಇನಿಂಗ್ಸ್‌ನ ಮುನ್ನಡೆ. ಮುಂಬಯಿಯವರ ಅಂಗಳದಲ್ಲಿ, ಮುಂಬಯಿಯ ಪ್ರೇಕ್ಷಕರ ಮುಂದೆ, ಮುಂಬಯಿಯವರದೇ ಖಡೂಸ್‌ತನದಿಂದ. ಐದು ಫೈನಲ್‌ಗಳಲ್ಲಿ ನಮ್ಮ ಪಾಲಿಗೆ ಬಂದದ್ದು ಇದೊಂದೇ.

ಇದಕ್ಕೆ ಇನ್ನೊಂದು ಬಾಲಂಗೋಚಿ ಇದೆ. ಅದೇ 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಗೆದ್ದ ಭಾರತದ ತಂಡದಲ್ಲಿ 14 ಜನ. ಅದರಲ್ಲಿ ಗಾವಸ್ಕರ್, ವೆಂಗ್‌ಸರ್ಕರ್, ಪಾಟೀಲ್, ಶಾಸ್ತ್ರಿ, ಸಂಧು ಐವರು ಮುಂಬಯಿಯವರು. ಮೋಹಿಂದರ್, ಮದನ್ ಲಾಲ್, ಆಜಾದ್, ವಲ್ಸನ್ ನಾಲ್ವರು ದಿಲ್ಲಿ. ಕಿರ್ಮಾನಿ, ರೋಜರ್ ಬಿನ್ನಿ ಕರ್ನಾಟಕ. ಒಟ್ಟು 11. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬಿನ್ನಿ. ಈ ಮೂರು ತಂಡಗಳು ಹತ್ತು ವರ್ಷ ಒಂದರ ತಲೆ ಇನ್ನೊಂದು ಒಡೆದುಕೊಂಡದ್ದು ಯಾಕೆ ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು. ಮನೆಯೊಳಗಿನ ಜಗಳ ಗಟ್ಟಿಯಾಗಿದ್ದರೆ ಮಾತ್ರ ಹೊರಗೆ ಹೋಗಿ ಗೆಲ್ಲುವ ಶಕ್ತಿ ಬರುತ್ತದೆಯೋ ಏನೋ.

ಐದನೆಯ ಫೈನಲ್‌ಗೆ ಬರಬೇಕಾದರೆ 27 ವರ್ಷ ಕಾಯಬೇಕಾಯಿತು. 2010ರ ಜನವರಿ, ಮೈಸೂರಿನ ಮಾನಸ ಗಂಗೋತ್ರಿಯ ಮೈದಾನ. 1942ರಲ್ಲಿ ಯಾವ ಊರಿನ ಹೆಸರು ಹೊತ್ತು ನಮ್ಮವರು ಬ್ರೆಬೋರ್ನ್‌ಗೆ ಬಂದಿದ್ದರೋ ಆ ಊರಿಗೇ ಈಗ ಮುಂಬಯಿಯವರು ಹೋಗಿದ್ದರು. ಮುಂಬಯಿ 233, ಕರ್ನಾಟಕ 130. ಮತ್ತೆ ಮುಂಬಯಿ 234. ಗೆಲ್ಲಲು 338 ಬೇಕು. ಮೂರು ವಿಕೆಟ್ ಬೇಗ ಬಿದ್ದವು. ಆಗ ಇಪ್ಪತ್ತರ ಹುಡುಗ ಮನೀಶ್ ಪಾಂಡೆ 144, ಗಣೇಶ್ ಸತೀಶ್ 75. ಇಬ್ಬರೂ ಸೇರಿ ಇನ್ನೂರಕ್ಕೂ ಹೆಚ್ಚು. ಗೆದ್ದೇಬಿಟ್ಟೆವು ಅನ್ನುವಷ್ಟರಲ್ಲಿ ಜಾರಿತು. ಕರ್ನಾಟಕ 331ಕ್ಕೆ ಆಲೌಟ್. ಸೋಲು ಬರೀ 6 ರನ್ನಿನಿಂದ. ಆ ದಿನ ಬಹಳ ಜನ ಕನ್ನಡಿಗರು ಆಫೀಸಿನ ಕಂಪ್ಯೂಟರಿನಲ್ಲಿ ಸ್ಕೋರು ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಾ ಕೂತಿದ್ದರು. ನಾನೂ ಒಬ್ಬ. 281 ರನ್ ಮತ್ತು ಇನಿಂಗ್ಸ್ ಸೋಲಿಗಿಂತ 6 ರನ್ನಿನ ಸೋಲು ಹೆಚ್ಚು ನೋಯುತ್ತದೆ. ಯಾಕೆಂದರೆ ಮೊದಲನೆಯದರಲ್ಲಿ ಆಸೆಯೇ ಇರಲಿಲ್ಲ.

ಬಡ್ಡಿ ತೀರಿದ್ದು 2015ರಲ್ಲಿ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕ ಮಾಡಿದ್ದು ಬರೀ 202. ಅದಕ್ಕುತ್ತರವಾಗಿ ಮುಂಬಯಿ 44ಕ್ಕೆ ಆಲೌಟ್! ದಾವಣಗೆರೆಯ ವಿನಯ್ ಕುಮಾರ್ 20 ರನ್ನಿಗೆ 6 ವಿಕೆಟ್. ಆ ವರ್ಷದ ಫೈನಲ್ ವಾಂಖೆಡೆಯಲ್ಲಿ, ಆದರೆ ಮನೆಯವರೇ ಇಲ್ಲದ ಮನೆಯಲ್ಲಿ ಮದುವೆಯ ಹಾಗೆ, ಕರ್ನಾಟಕ ಮತ್ತು ತಮಿಳುನಾಡಿನ ನಡುವೆ. ಕರುಣ್ ನಾಯರ್ 328, ರಾಹುಲ್ 188, ಇನಿಂಗ್ಸ್ ಮತ್ತು 217 ರನ್ ಗೆಲುವು. ಅದು ಕರ್ನಾಟಕದ ಎಂಟನೆಯ ಟ್ರೋಫಿ. ಮುಂಬಯಿ 2024ರಲ್ಲಿ ಗೆದ್ದದ್ದು 42ನೆಯದು. ಲೆಕ್ಕದಲ್ಲಿ ನಾವು ಸಮ ಆಗುವ ಮಾತೇ ಇಲ್ಲ, ಬಿಡಿ.

ಇಷ್ಟೆಲ್ಲ ಬರೆದ ಮೇಲೆ ಆ ಪ್ರಶ್ನೆ ಹಾಗೇ ಉಳಿಯಿತು. ಯಾರ ಕಡೆ?

ನನ್ನ ಅನಿಸಿಕೆ ಹೇಳುತ್ತೇನೆ, ನೀವು ಒಪ್ಪಬೇಕಿಲ್ಲ. ನಮ್ಮ ಹಿಂದಿನವರಿಗೆ ಕರ್ನಾಟಕ ಎಂಬುದು ಹುಟ್ಟುತ್ತಲೇ ಸಿಕ್ಕ ಹೆಸರಲ್ಲ. ಮೂರು ಪ್ರಾಂತ್ಯಗಳಿಂದ, ಸಂಸ್ಥಾನಗಳಿಂದ ಬಂದು ಈ ಊರಿನ ಚಾಳುಗಳಲ್ಲಿ, ರಾತ್ರಿಶಾಲೆಗಳಲ್ಲಿ, ಸಂಘಗಳಲ್ಲಿ ಸೇರಿದ ಮೇಲೆಯೇ ಎಷ್ಟೋ ಜನ ತಾವೆಲ್ಲ ಒಂದೇ ಭಾಷೆಯವರು ಎಂದು ಕಂಡುಕೊಂಡರು. ಉಡುಪಿಯವನಿಗೆ ಧಾರವಾಡದವನ ಪರಿಚಯವಾದದ್ದು ಮುಂಬಯಿಯಲ್ಲಿ. ಅಂದರೆ ಕರ್ನಾಟಕಕ್ಕೆ ಚಪ್ಪಾಳೆ ತಟ್ಟಲು ನಮಗೆ ಕಲಿಸಿದ್ದರಲ್ಲಿ ಮುಂಬಯಿಯ ಪಾಲೂ ಇದೆ. ಅದನ್ನು ಮರೆತು ಈ ಊರನ್ನು ಎದುರಾಳಿ ಎನ್ನುವುದು ಕೃತಘ್ನತೆ. ಹಾಗೆಂದು ಕರ್ನಾಟಕದ ವಿಕೆಟ್ ಬಿದ್ದಾಗ ಹೊಟ್ಟೆಯಲ್ಲಿ ಚುಳ್ ಎನ್ನುವುದನ್ನು ಇಲ್ಲ ಎನ್ನುವುದು ಸುಳ್ಳು.

ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಗೊಂದಲವಿಲ್ಲ. ಅವರು ಮುಂಬಯಿಗೆ ಕೂಗುತ್ತಾರೆ, ಸಹಜವೇ. ರಣಜಿ ಅಂದರೆ ಏನೆಂದು ಕೇಳುವ ಕಾಲವೂ ಬಂದಿದೆ. ಐಪಿಎಲ್‌ನಲ್ಲಿ ಯಾವ ಊರಿನ ಹುಡುಗ ಯಾವ ಊರಿನ ಅಂಗಿ ತೊಟ್ಟಿರುತ್ತಾನೆ ಎಂಬುದು ಹರಾಜಿನ ದಿನ ತೀರ್ಮಾನವಾಗುತ್ತದೆ. ಹಾಗಾಗಿ 'ಯಾರ ಕಡೆ' ಎಂಬ ಪ್ರಶ್ನೆಯ ನೋವು, ಸುಖ ಎರಡೂ ನಮ್ಮ ತಲೆಮಾರಿನೊಂದಿಗೆ ಮುಗಿಯಬಹುದು. ಅದಕ್ಕೇ ಬರೆದಿಟ್ಟೆ. ಯಾರಾದರೂ ಮುಂದೆ ಕೇಳಿದರೆ, 1983ರಲ್ಲಿ ವಾಂಖೆಡೆಯಲ್ಲಿ ಕರ್ನಾಟಕ ಗೆದ್ದಿತು ಎಂದು ಹೇಳಿ. ಆ ದಿನ ಚಪ್ಪಾಳೆ ತಟ್ಟಿದವರಲ್ಲಿ, ತಟ್ಟದೆ ಒಳಗೇ ನಕ್ಕವರಲ್ಲಿ, ಈ ಊರಿನವರೂ ಬಹಳ ಮಂದಿ ಇದ್ದರು ಎಂದೂ ಹೇಳಿ.